ಕಾಲೇಜು ಹಾಕಿ ಲೀಗ್‌ಗೆ ನ್ಯಾಯವಾದ ವೇಳಾಪಟ್ಟಿ ಹಾಕುವ ಬಗೆ

ಎಂಟು ಕಾಲೇಜುಗಳ ಲೀಗ್‌ನಲ್ಲಿ ಪ್ರತಿ ತಂಡವೂ ಉಳಿದ ಏಳನ್ನು ಒಮ್ಮೆ ಎದುರಿಸಬೇಕಾದರೆ 7 ಸುತ್ತುಗಳಲ್ಲಿ 28 ಪಂದ್ಯಗಳಾಗುತ್ತವೆ. ಹೆಸರುಗಳನ್ನು ಚೀಟಿಗಳಲ್ಲಿ ಬರೆದು, ನಾಲ್ಕರಂತೆ ಎರಡು ಸಾಲುಗಳಲ್ಲಿ ಎದುರುಬದುರಾಗಿ ಜೋಡಿಸಿ, ಮೊದಲ ಚೀಟಿಯನ್ನು ಕದಲಿಸದೆ ಉಳಿದವನ್ನು ಸುತ್ತಿಗೊಂದು ಸ್ಥಾನದಂತೆ ಪ್ರದಕ್ಷಿಣೆಯಾಗಿ ಸರಿಸಿದರೆ ಜೋಡಿಗಳು ತಾವಾಗಿಯೇ ಸಿಗುತ್ತವೆ. ತಂಡಗಳ ಸಂಖ್ಯೆ ಬೆಸವಾಗಿದ್ದರೆ ಒಂದು ಖಾಲಿ ಚೀಟಿ ಸೇರಿಸಿ. ಅದರ ಎದುರು ಬಂದ ತಂಡಕ್ಕೆ ಆ ಸುತ್ತು ಬಿಡುವು.

ತಕರಾರು ಹುಟ್ಟುವುದು ಜೋಡಿಗಳಿಂದಲ್ಲ, ಹೊತ್ತಿನಿಂದ. ಬೆಂಗಳೂರಿನಲ್ಲಿ ಒಂದೇ ಟರ್ಫ್‌ನಲ್ಲಿ ದಿನವಿಡೀ ಆಡಿಸುವಾಗ, ತಲಾ 15 ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳ ಜೊತೆಗೆ ವಿರಾಮ ಮತ್ತು ಟರ್ಫ್‌ಗೆ ನೀರು ಹಾಯಿಸುವ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಮಾರ್ಚ್‌ ಬಿಸಿಲಿನ ಮಧ್ಯಾಹ್ನದ ಪಂದ್ಯ ಯಾರಿಗೆ ಎಷ್ಟು ಸಲ ಬಂತೆಂದು ಬೇರೆ ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಿ. ಆತಿಥೇಯ ಕಾಲೇಜಿಗೆ ಪ್ರತಿ ಸಲವೂ ಸಂಜೆಯ ತಂಪು ಸಿಕ್ಕರೆ ಅದನ್ನು ಆಕಸ್ಮಿಕವೆಂದು ಯಾರೂ ನಂಬುವುದಿಲ್ಲ. ಸಂಜೆ ಆಡಿದ ತಂಡವನ್ನು ಮರುದಿನ ಬೆಳಗಿನ ಮೊದಲ ಪಂದ್ಯಕ್ಕೆ ಹಾಕಬೇಡಿ.