ಕಂಟ್ರೋಲರ್ ರಿಸೆಟ್ ಆದರೂ ಎದ್ದೇಳದ ಕ್ಯೂಗಳು: ನನ್ನ ಅನುಭವ

ಎನ್‌ವಿಎಂಇ ಕಂಟ್ರೋಲರ್ (ವೇಗದ ಎಸ್‌ಎಸ್‌ಡಿ ಡಿಸ್ಕ್ ನಡೆಸುವ ಚಿಪ್) ಒಂದಕ್ಕೆ ಲಿನಕ್ಸ್ ಡ್ರೈವರ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ರೀಡ್, ರೈಟ್ ಎರಡೂ ಬೇಗ ಕೈಗೆ ಹತ್ತಿದವು. ಉಳಿದ ಸಮಯವನ್ನೆಲ್ಲ ತಿಂದದ್ದು ರಿಸೆಟ್, ಅಂದರೆ ಕಂಟ್ರೋಲರ್ ಅನ್ನು ನಿಲ್ಲಿಸಿ ಮತ್ತೆ ಏಳಿಸುವುದು.

ಒಂದು ಸಂಜೆ ಎಫ್‌ಐಒ (ಡಿಸ್ಕ್‌ಗೆ ಎಡೆಬಿಡದೆ ಕೆಲಸ ಕೊಟ್ಟು ಪರೀಕ್ಷಿಸುವ ಪ್ರೋಗ್ರಾಂ) ಶುರು ಮಾಡಿ, ಜೊತೆಗೆ ಐದು ಸೆಕೆಂಡಿಗೊಮ್ಮೆ ಕಂಟ್ರೋಲರ್ ರಿಸೆಟ್ ಮಾಡುವ ಸ್ಕ್ರಿಪ್ಟ್ ಓಡಿಸಿ ಮನೆಗೆ ಹೋದೆ. ಬೆಳಗ್ಗೆ ಬಂದು ನೋಡಿದರೆ ಎಲ್ಲ ನಿಂತು ಗಂಟೆಗಳೇ ಆಗಿದ್ದವು. ಟಾಸ್ಕ್ 120 ಸೆಕೆಂಡಿಗಿಂತ ಜಾಸ್ತಿ ಹೊತ್ತು ಬ್ಲಾಕ್ ಆಗಿದೆ ಅಂತ ಕರ್ನಲ್ ಲಾಗ್ ಹೇಳುತ್ತಿತ್ತು. ಆದರೆ ಕಂಟ್ರೋಲರ್‌ಗೆ ಏನೂ ಆಗಿರಲಿಲ್ಲ. ಅಡ್ಮಿನ್ ಕಮಾಂಡ್ (ಡೇಟಾಕ್ಕಲ್ಲ, ಕಂಟ್ರೋಲರ್ ನಿರ್ವಹಣೆಗೆ ಇರುವ ಆದೇಶ) ಕಳಿಸಿದರೆ ತಕ್ಷಣ ಉತ್ತರ ಬರುತ್ತಿತ್ತು. ಯಾವ ಕೋಡ್ ಎಲ್ಲಿ ನಿಂತಿದೆ ಅಂತ ತಿಳಿಯಲು ಸ್ಟ್ಯಾಕ್ ತೆಗೆದು ನೋಡಿದೆ. ನನ್ನ ರಿಸೆಟ್ ವರ್ಕರ್ (ರಿಸೆಟ್ ನಡೆಸುವ ಕೋಡ್), ಕ್ಯೂ (ಡಿಸ್ಕ್ ಕೆಲಸಗಳ ಸಾಲು) ಪೂರ್ತಿ ಫ್ರೀಜ್ ಆಗಲಿ ಅಂತ ಕಾಯುತ್ತಿತ್ತು. ಎಫ್‌ಐಒ, ಕ್ಯೂ ಒಳಗೆ ಬಿಡಲಿ ಅಂತ ಕಾಯುತ್ತಿತ್ತು. ಕರ್ನಲ್ ತನ್ನ ಒಳಸ್ಥಿತಿ ತೋರಿಸುವ ಡೀಬಗ್‌ಎಫ್‌ಎಸ್‌ನಲ್ಲಿ ಕ್ಯೂನ ಸ್ಥಿತಿ ಕ್ವೈಯೆಸ್ಡ್ ಅಂತ ಇತ್ತು.

ಡಿಸ್ಕ್ ಕೆಲಸಗಳನ್ನು ಡ್ರೈವರ್‌ಗೆ ತಲುಪಿಸುವ ಕರ್ನಲ್ ಭಾಗವಾದ ಬ್ಲಾಕ್ ಲೇಯರ್‌ನಲ್ಲಿ ಕ್ಯೂ ನಿಲ್ಲಿಸಲು ಕ್ವೈಯೆಸ್, ಫ್ರೀಜ್ ಅಂತ ಎರಡು ದಾರಿ ಇವೆ. ಇವುಗಳ ವ್ಯತ್ಯಾಸ ನನ್ನ ಮನಸ್ಸಿನಲ್ಲಿ ಕೂತದ್ದು ದೇವಸ್ಥಾನದ ಸಾಲು ನೆನೆದಾಗ. ನೈವೇದ್ಯದ ಹೊತ್ತಿಗೆ ಗರ್ಭಗುಡಿಗೆ ಪರದೆ ಎಳೆಯುತ್ತಾರೆ. ಹೊಸಬರು ಬಂದು ಸಾಲು ಸೇರಬಹುದು, ಆದರೆ ಸಾಲು ಮುಂದೆ ಸರಿಯುವುದಿಲ್ಲ. ಇದು ಕ್ವೈಯೆಸ್. ರಿಕ್ವೆಸ್ಟ್‌ಗಳು (ರೀಡ್, ರೈಟ್ ಕೋರಿಕೆಗಳು) ಇರುತ್ತವೆ, ಡ್ರೈವರ್ ಹತ್ತಿರ ಮಾತ್ರ ಬರುವುದಿಲ್ಲ. ರಾತ್ರಿ ದೇವಸ್ಥಾನ ಮುಚ್ಚುವಾಗಿನ ಕ್ರಮ ಬೇರೆ. ಹೆಬ್ಬಾಗಿಲಲ್ಲಿ ಹೊಸಬರನ್ನು ತಡೆಯುತ್ತಾರೆ. ಒಳಗಿದ್ದವರು ದರ್ಶನ ಮುಗಿಸಿ ಹೊರಡುವ ತನಕ ಕಾಯುತ್ತಾರೆ. ಇದು ಫ್ರೀಜ್. ಪರದೆ ಎಳೆದಿಟ್ಟು, ಒಳಗಿನವರೆಲ್ಲ ಹೊರಡಲಿ ಅಂತ ಹೆಬ್ಬಾಗಿಲಲ್ಲಿ ಕಾದರೆ ಯಾರೂ ಹೊರಡುವುದಿಲ್ಲ, ಅಲ್ವಾ? ನನ್ನ ಕೋಡ್ ಅದನ್ನೇ ಮಾಡುತ್ತಿತ್ತು.

ಹಾಗಾದರೆ ಮೊದಲ ರಿಸೆಟ್‌ನಲ್ಲೇ ಯಾಕೆ ಸಿಕ್ಕಿಬೀಳಲಿಲ್ಲ? ಪ್ರತಿ ರಿಸೆಟ್ ನಂತರ ಎಷ್ಟು ಐ/ಒ (ರೀಡ್, ರೈಟ್) ಕ್ಯೂ ಕೊಡುತ್ತೀಯ ಅಂತ ಕಂಟ್ರೋಲರ್‌ಗೆ ಹೊಸದಾಗಿ ಕೇಳಬೇಕು. ಅದು ಕೊಡುವ ಸಂಖ್ಯೆ ಒಂದು ರಿಸೆಟ್‌ನಿಂದ ಇನ್ನೊಂದಕ್ಕೆ ಬದಲಾಗಬಹುದು. ಆ ರಾತ್ರಿ ಒಂದು ಸಲ 16ರ ಬದಲು 8 ಬಂದಿತ್ತು. ಸಂಖ್ಯೆ ಬದಲಾದಾಗ ಮಾತ್ರ ನನ್ನ ಕೋಡ್ ಬ್ಲಾಕ್ ಲೇಯರ್‌ಗೆ ಹಾರ್ಡ್‌ವೇರ್ ಕ್ಯೂಗಳ ಲೆಕ್ಕ ತಿದ್ದಲು ಹೇಳುತ್ತಿತ್ತು. ಆ ಫಂಕ್ಷನ್ ಒಳಗೇ ಫ್ರೀಜ್ ಇದೆ. ನಾನು ರದ್ದು ಮಾಡಿ ರಿಕ್ಯೂಗೆ (ಮತ್ತೆ ಕಳಿಸಬೇಕಾದವುಗಳ ಪಟ್ಟಿಗೆ) ಹಾಕಿದ್ದ ರಿಕ್ವೆಸ್ಟ್‌ಗಳು ಇನ್ನೂ ಒಳಗಿದ್ದವರ ಲೆಕ್ಕದಲ್ಲೇ ಇದ್ದವು. ಪರದೆ ಸರಿಯದೆ ಅವು ಮುಗಿಯುವಂತಿರಲಿಲ್ಲ.

ಈಗ ನನ್ನ ಕ್ರಮ ಹೀಗಿದೆ. ಫ್ರೀಜ್ ಶುರು ಮಾಡುತ್ತೇನೆ, ಆದರೆ ಕಾಯುವುದಿಲ್ಲ. ಆಮೇಲೆ ಕ್ವೈಯೆಸ್. ಕಂಟ್ರೋಲರ್ ಇಳಿಸಿ, ಹಳೆಯ ಕಮಾಂಡ್‌ಗಳನ್ನು ರದ್ದು ಮಾಡಿ, ಮತ್ತೆ ಏಳಿಸಿ, ಮೊದಲು ಪರದೆ ಸರಿಸುತ್ತೇನೆ. ಒಳಗಿದ್ದ ರಿಕ್ವೆಸ್ಟ್‌ಗಳು ಮುಗಿಯುವ ತನಕ ಆಗ ಕಾಯುತ್ತೇನೆ. ಖಾಲಿಯಾದ ಮೇಲೆ ಕ್ಯೂಗಳ ಸಂಖ್ಯೆ ತಿದ್ದಿ, ಕೊನೆಗೆ ಹೆಬ್ಬಾಗಿಲು ತೆಗೆಯುತ್ತೇನೆ. ಈ ನಡುವೆ ಇಲ್ಲವಾದ ಕ್ಯೂಗೆ ಯಾವುದಾದರೂ ರಿಕ್ವೆಸ್ಟ್ ಬಂದರೆ ಅಲ್ಲೇ ಎರರ್ ಕೊಟ್ಟು ಮುಗಿಸುತ್ತೇನೆ. ಕಂಟ್ರೋಲರ್‌ಗೆ ಗೊತ್ತೇ ಇಲ್ಲದ ಕ್ಯೂನ ಡೋರ್‌ಬೆಲ್ (ಹೊಸ ಕೆಲಸ ಬಂದಿದೆ ಅಂತ ತಿಳಿಸುವ ರಿಜಿಸ್ಟರ್) ಒತ್ತಬಾರದು.

ಇದಕ್ಕಿಂತ ನನ್ನನ್ನು ಜಾಸ್ತಿ ಹೆದರಿಸಿದ್ದು ಇನ್ನೊಂದು. ಮೊದಲು ನಾನು ರಿಕ್ವೆಸ್ಟ್ ರದ್ದು ಮಾಡಿ ಆಮೇಲೆ ಕಂಟ್ರೋಲರ್ ನಿಲ್ಲಿಸುತ್ತಿದ್ದೆ. ಎಲ್ಲ ಸರಿಯಾಗೇ ಕಾಣುತ್ತಿತ್ತು. ಎಫ್‌ಐಒದಲ್ಲಿ ವೆರಿಫೈ (ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುವುದು) ಹಾಕಿದ ದಿನ ಡೇಟಾ ತಾಳೆಯಾಗಲಿಲ್ಲ. ಸಾಧನಗಳು ಯಾವ ಮೆಮೊರಿ ಮುಟ್ಟಬಹುದು ಅಂತ ಕಾಯುವ ಐಒಎಂಎಂಯುವನ್ನು ಸ್ಟ್ರಿಕ್ಟ್ ಮೋಡ್‌ಗೆ ಹಾಕಿದ ಮೇಲೆ ಫಾಲ್ಟ್‌ಗಳು ಕಂಡವು. ರದ್ದಾದ ರೀಡ್‌ಗೆ ಸೇರಿದ್ದ ಮೆಮೊರಿ ಬಿಡುಗಡೆಯಾಗಿತ್ತು, ಆದರೆ ಕಂಟ್ರೋಲರ್‌ಗೆ ಆ ಸುದ್ದಿಯೇ ಇಲ್ಲ. ಅದು ಹಳೆಯ ವಿಳಾಸಕ್ಕೆ ಡಿಎಂಎ (ಸಿಪಿಯು ನೆರವಿಲ್ಲದೆ ನೇರ ಮೆಮೊರಿಗೆ ಬರೆಯುವುದು) ಮಾಡುತ್ತಲೇ ಇತ್ತು. ಅಂದರೆ ಇನ್ಯಾರದೋ ಪುಟದ ಮೇಲೆ ಬರೆಯುತ್ತಿತ್ತು. ಐ/ಒ ನಿಂತುಹೋದರೆ ಯಾರಾದರೂ ಗಮನಿಸುತ್ತಾರೆ. ಡೇಟಾ ಸದ್ದಿಲ್ಲದೆ ಕೆಟ್ಟರೆ ತಿಂಗಳುಗಳ ನಂತರ ಗೊತ್ತಾಗುತ್ತದೆ.

ಹಾಗಾಗಿ ಈಗ ಮೊದಲು ಎನೇಬಲ್ ಬಿಟ್ 0 ಮಾಡಿ ಕಂಟ್ರೋಲರ್‌ಗೆ ನಿಲ್ಲಲು ಹೇಳುತ್ತೇನೆ. ರೆಡಿ ಬಿಟ್ 0 ಆಗುವ ತನಕ ಕಾಯುತ್ತೇನೆ. ಎಷ್ಟು ಹೊತ್ತು ಕಾಯಬೇಕು ಅಂತ ಕಂಟ್ರೋಲರೇ ತನ್ನ ಕೇಪಬಿಲಿಟಿ ರಿಜಿಸ್ಟರ್‌ನಲ್ಲಿ 500 ಮಿಲಿಸೆಕೆಂಡಿನ ಲೆಕ್ಕದಲ್ಲಿ ಹೇಳಿರುತ್ತದೆ. ಗರಿಷ್ಠ 127.5 ಸೆಕೆಂಡ್. ಸುಮ್ನೆ ಒಂದು ಸೆಕೆಂಡ್ ಅಂತ ನಾವೇ ಊಹಿಸಬಾರದು. ಓದಿದ್ದರಲ್ಲಿ ಎಲ್ಲ ಬಿಟ್‌ಗಳೂ 1 ಅಂತ ಬಂದರೆ ಸಾಧನವೇ ಬಸ್‌ನಿಂದ ಹೋಗಿದೆ ಅಂತ ಅರ್ಥ, ಆಗ ಕಾಯುವುದು ದಂಡ. ನಂತರ ಪಿಸಿಐ ಬಸ್ ಮಾಸ್ಟರ್ (ಸಾಧನ ತಾನೇ ಮೆಮೊರಿ ಮುಟ್ಟುವ ಅನುಮತಿ) ತೆಗೆದು, ಮುಗಿದ ಕೆಲಸಗಳ ವರದಿ ಬರುವ ಕಂಪ್ಲೀಷನ್ ಕ್ಯೂನಲ್ಲಿ ಬಂದು ಬಿದ್ದಿರುವುದನ್ನೆಲ್ಲ ಎತ್ತಿಕೊಳ್ಳುತ್ತೇನೆ. ಅವು ನಿಜವಾಗಿ ಮುಗಿದ ಕೆಲಸಗಳು. ಅವನ್ನು ಎತ್ತಿಕೊಳ್ಳದೆ ರದ್ದು ಮಾಡಿದರೆ ಮುಗಿದ ರೈಟ್ ಮತ್ತೊಮ್ಮೆ ಹೋಗುತ್ತದೆ. ಉಳಿದವನ್ನು ಮಾತ್ರ ರದ್ದು ಮಾಡುತ್ತೇನೆ.

ಕಮಾಂಡ್‌ಗೆ ಗಡುವಿನೊಳಗೆ ಉತ್ತರ ಬರದಿದ್ದಾಗ ಓಡುವ ಟೈಮ್‌ಔಟ್ ಹ್ಯಾಂಡ್ಲರ್‌ನಲ್ಲೂ ಒಂದು ಗಂಟು ಇತ್ತು. ಲಿನಕ್ಸ್‌ನ ಎನ್‌ವಿಎಂಇ ಡ್ರೈವರ್‌ನಲ್ಲಿ ಐ/ಒಗೆ 30 ಸೆಕೆಂಡ್, ಅಡ್ಮಿನ್ ಕಮಾಂಡ್‌ಗೆ 60 ಸೆಕೆಂಡ್ ಟೈಮ್‌ಔಟ್. ನಾನೂ ಅದನ್ನೇ ಇಟ್ಟುಕೊಂಡಿದ್ದೆ. ರಿಸೆಟ್ ವರ್ಕರ್ ತಾನೇ ಕಳಿಸಿದ ಅಡ್ಮಿನ್ ಕಮಾಂಡ್ ಟೈಮ್‌ಔಟ್ ಆದರೆ, ನನ್ನ ಹ್ಯಾಂಡ್ಲರ್ ಹೊಸ ರಿಸೆಟ್ ಕೇಳಿ ಅದು ಮುಗಿಯಲಿ ಅಂತ ಕೂರುತ್ತಿತ್ತು. ವರ್ಕರ್ ಆ ಕಮಾಂಡ್‌ಗೆ ಕಾಯುತ್ತಿತ್ತು, ಕಮಾಂಡ್ ಮುಗಿಸಬೇಕಾದ ಹ್ಯಾಂಡ್ಲರ್ ವರ್ಕರ್‌ಗೆ ಕಾಯುತ್ತಿತ್ತು. ರಿಸೆಟ್ ನಡೆಯುವಾಗ ಹ್ಯಾಂಡ್ಲರ್ ಕಾಯಬಾರದು. ಕಂಟ್ರೋಲರ್ ಇಳಿಸಿ ಆ ಕಮಾಂಡ್ ಅಲ್ಲೇ ಮುಗಿಸಿ ಹೊರಬರಬೇಕು.

ವರ್ಕರ್, ಹ್ಯಾಂಡ್ಲರ್ ಇಬ್ಬರೂ ಕ್ವೈಯೆಸ್ ಕರೆಯುವುದರಿಂದ ಇನ್ನೊಂದು ತೊಂದರೆ. 5.16 ಕರ್ನಲ್‌ನಿಂದ ಕ್ವೈಯೆಸ್‌ಗೆ ಎಣಿಕೆ ಇದೆ. ಎರಡು ಸಲ ಮುಚ್ಚಿದರೆ ಎರಡು ಸಲ ತೆಗೆಯಬೇಕು. ನಾನು ಕಂಟ್ರೋಲರ್‌ಗೆ ಒಂದು ಫ್ಲ್ಯಾಗ್ ಬಿಟ್ ಇಟ್ಟೆ. ಬಿಟ್ ಆಗಲೇ ಹಾಕಿದ್ದರೆ ಮತ್ತೆ ಮುಚ್ಚುವುದಿಲ್ಲ.

ರಿಸೆಟ್ ಸೋತಾಗಲೂ ಕ್ಯೂ ತೆರೆಯಬೇಕು. ಕಂಟ್ರೋಲರ್ ಏಳಲೇ ಇಲ್ಲ ಅಂದುಕೊಳ್ಳಿ. ಡಿಸ್ಕ್ ಸತ್ತಿದೆ ಅಂತ ಗುರುತು ಹಾಕಿ ಪರದೆ ಸರಿಸುತ್ತೇನೆ, ಒಳಗಿದ್ದವೆಲ್ಲ ಎರರ್ ಜೊತೆ ಹೊರಬರುತ್ತವೆ. ಹಾಗೆ ಮಾಡದಿದ್ದರೆ ಅನ್‌ಮೌಂಟ್ ಕೂಡ ಮುಗಿಯುವುದಿಲ್ಲ. ಈಗ ನನ್ನ ರಾತ್ರಿಯ ಟೆಸ್ಟ್‌ನಲ್ಲಿ ಮೂರು ಹೊಸ ಸಾಲುಗಳಿವೆ: ವೆರಿಫೈ ಯಾವಾಗಲೂ ಆನ್, ಕೆಲವು ರಿಸೆಟ್‌ಗಳಲ್ಲಿ ಬೇಕೆಂದೇ ಕ್ಯೂಗಳು 16ರಿಂದ 8ಕ್ಕೆ, ಮತ್ತು ಪ್ರತಿ ರಿಸೆಟ್ ನಂತರ ಡೀಬಗ್‌ಎಫ್‌ಎಸ್‌ನಲ್ಲಿ ಯಾವ ಕ್ಯೂ ಕೂಡ ಕ್ವೈಯೆಸ್ಡ್ ಆಗಿ ಉಳಿದಿಲ್ಲವೇ ಅಂತ ಒಂದು ನೋಟ.