ಪ್ಯಾಡಿನ ನಡುವೆ ಒಂದು ಚುಕ್ಕಿ

ಮನೆಯಲ್ಲಿ ಮಾಡಿದ ನನ್ನ ಮೊದಲ ದೊಡ್ಡ ಪಿಸಿಬಿಯಲ್ಲಿ (ಎಲೆಕ್ಟ್ರಾನಿಕ್ ಬಿಡಿಭಾಗ ಜೋಡಿಸುವ ತಾಮ್ರದ ಬೋರ್ಡು) 40 ಕಾಲಿನ ಐಸಿ ಸಾಕೆಟ್, ಅಂದರೆ ಚಿಪ್ ಸಿಕ್ಕಿಸುವ ಭಾಗ, ಕೂರಲೇ ಇಲ್ಲ. ಟ್ರ್ಯಾಕುಗಳು, ಅಂದರೆ ಕರೆಂಟ್ ಹರಿಯುವ ತಾಮ್ರದ ಗೆರೆಗಳು, ಚೆನ್ನಾಗಿ ಬಂದಿದ್ದವು. ತೂತುಗಳು ಮಾತ್ರ ಅಂಕುಡೊಂಕು. ಒಂದು ಅರ್ಧ ಮಿ.ಮೀ. ಎಡಕ್ಕೆ, ಅದರ ಪಕ್ಕದ್ದು ಬಲಕ್ಕೆ. ಕಾಲಿಂದ ಕಾಲಿಗೆ ಇರುವ ಅಂತರವೇ 2.54 ಮಿ.ಮೀ. ಒಂದೆರಡು ಕಾಲನ್ನಾದರೆ ಬಗ್ಗಿಸಿ ತೂರಿಸಬಹುದು. ಇಪ್ಪತ್ತು ಕಾಲಿನ ಸಾಲನ್ನು ಹೇಗೆ ಬಗ್ಗಿಸುವುದು?

ಕೈ ಅಲುಗಿದ್ದರಿಂದ ಹೀಗಾಯಿತು ಅಂದುಕೊಂಡು ಡ್ರಿಲ್ಲಿಗೆ ಸ್ಟ್ಯಾಂಡ್ ಹಾಕಿದೆ. ಸ್ವಲ್ಪ ಸುಧಾರಿಸಿತು, ಆದರೂ ಡ್ರಿಲ್ಲಿನ ಕೊರೆಯುವ ಕಡ್ಡಿ, ಅಂದರೆ ಬಿಟ್, ಜಾರುತ್ತಲೇ ಇತ್ತು. ನಿಜವಾದ ಕಾರಣ ಸಿಕ್ಕಿದ್ದು ನನ್ನ ಡ್ರಾಯಿಂಗಿನಲ್ಲಿ. ಪ್ಯಾಡುಗಳನ್ನು, ಅಂದರೆ ಕಾಲುಗಳಿಗೆ ಬೆಸುಗೆ ಹಾಕುವ ತಾಮ್ರದ ಬಿಲ್ಲೆಗಳನ್ನು, ಪೂರ್ತಿ ತುಂಬಿದ ವೃತ್ತಗಳಾಗಿ ಪ್ರಿಂಟ್ ಮಾಡಿದ್ದೆ. ನುಣುಪಾದ ತಾಮ್ರದ ಮೇಲೆ ಬಿಟ್ಟಿನ ತುದಿ ಎಲ್ಲಿ ನಿಲ್ಲಬೇಕು?

ಈಗ ಪ್ರತಿ ಪ್ಯಾಡಿನ ನಡುವೆ ಸುಮಾರು 0.4 ಮಿ.ಮೀ. ಚುಕ್ಕಿಯನ್ನು ಖಾಲಿ ಬಿಡುತ್ತೇನೆ. ಪಿಸಿಬಿ ಡ್ರಾಯಿಂಗ್ ಮಾಡುವ ಸಾಫ್ಟ್‌ವೇರ್ ಕಿಕ್ಯಾಡ್‌ನಲ್ಲಿ ಪ್ರಿಂಟ್ ಮಾಡುವಾಗ ತೂತಿನ ಗುರುತು ಸಣ್ಣದಾಗಿರಲಿ ಅಂತ ಆರಿಸಿಕೊಂಡರೆ ಸಾಕು. ಮುಚ್ಚದೆ ಉಳಿದ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸುವ ಎಚಿಂಗ್ ಆದಾಗ ಆ ಚುಕ್ಕಿಯಲ್ಲಿ ತಾಮ್ರ ಕರಗಿ ಒಂದು ಗುಳಿ ಉಳಿಯುತ್ತದೆ. ಸಾಮಾನ್ಯ ಬೋರ್ಡಿನಲ್ಲಿ ತಾಮ್ರದ ದಪ್ಪ 35 ಮೈಕ್ರಾನ್, ಅಂದರೆ ಗುಳಿಯ ಆಳವೂ ಅಷ್ಟೇ. ಬಿಟ್ಟಿನ ತುದಿಗೆ ಅಷ್ಟು ಸಿಕ್ಕಿದರೆ ಸಾಕು, ಅದು ಅಲ್ಲೇ ಇಳಿಯುತ್ತದೆ. ಒಂದು ಸಲ ಬಿಟ್ಟಿನಷ್ಟೇ ಅಗಲ, ಪೂರ್ತಿ 0.8 ಮಿ.ಮೀ. ಖಾಲಿ ಬಿಟ್ಟು ನೋಡಿದೆ. ಬಿಟ್ ಆ ಜಾಗದೊಳಗೇ ಓಡಾಡಿತು. ಚುಕ್ಕಿ ಬಿಟ್ಟಿಗಿಂತ ಸಣ್ಣದಿದ್ದರೇ ಕೆಲಸ ಆಗುವುದು.

ಇನ್ನೊಂದು ವಿಷಯ ಕಲಿಯಲು ನನಗೆ ತುಂಬಾ ದಿನ ಹಿಡಿಯಿತು. ಬೋರ್ಡನ್ನು ಬಿಗಿಯಾಗಿ ಕ್ಲ್ಯಾಂಪ್ ಮಾಡಬಾರದು. ಹಾಳು ಪ್ಲೈವುಡ್ ತುಂಡಿನ ಮೇಲೆ ತಾಮ್ರದ ಬದಿ ಮೇಲಿರುವಂತೆ ಇಟ್ಟು, ಎರಡು ಬೆರಳಿನಿಂದ ಸುಮ್ನೆ ತಡೆದು ಹಿಡಿಯುತ್ತೇನೆ. ಬಿಟ್ ಮುಟ್ಟಿದಾಗ ಬೋರ್ಡೇ ಕೂದಲೆಳೆಯಷ್ಟು ಸರಿದು ಚುಕ್ಕಿಯನ್ನು ತುದಿಯ ಕೆಳಗೆ ತಂದುಕೊಳ್ಳುತ್ತದೆ. ಅದು ಕೈಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಅಲುಗಿಸದೆ ನೇರ ಒತ್ತಬೇಕು. ಅಡಿಯಲ್ಲಿ ಪ್ಲೈವುಡ್ ಇರುವುದರಿಂದ ಕೆಳಬದಿ ಕಿತ್ತುಬರುವುದಿಲ್ಲ.

ಬಿಟ್ ಕಾರ್ಬೈಡ್‌ನದೇ ಆಗಬೇಕು ಅನ್ನುವುದು ನನ್ನ ಅಭಿಪ್ರಾಯ. ಗಾಜಿನ ನಾರಿನ ಎಫ್‌ಆರ್4 ಬೋರ್ಡಿನಲ್ಲಿ ಸಾಮಾನ್ಯ ಸ್ಟೀಲ್ ಬಿಟ್ ಬೇಗ ಮೊಂಡಾಗುತ್ತದೆ. ಮೊಂಡಾದ ಬಿಟ್ ಜಾಸ್ತಿ ಒತ್ತಡ ಕೇಳುತ್ತದೆ, ಒತ್ತಿದರೆ ಬಾಗುತ್ತದೆ, ಬಾಗಿದರೆ ಜಾರುತ್ತದೆ. ಆದರೆ ಕಾರ್ಬೈಡ್ ಪಕ್ಕದ ಒತ್ತಡ ತಡೆಯುವುದಿಲ್ಲ, ಪಟ್ಟನೆ ಮುರಿಯುತ್ತದೆ. ಹಾಗಾಗಿ ಕೈಯಲ್ಲಿ ಹಿಡಿದ ಡ್ರಿಲ್ಲಿಗೆ ಅದು ಬೇಡ. ಬಿಟ್ಟನ್ನು ಹಿಡಿದಿಡುವ ಚಕ್ ಅಲ್ಲಾಡುತ್ತಿದ್ದರೆ ಸ್ಟ್ಯಾಂಡಿನಲ್ಲೂ ಉಳಿಯುವುದಿಲ್ಲ. ಬಿಟ್ ತಿರುಗುವಾಗ ಅದರ ತುದಿ ಎರಡಾಗಿ ಕಂಡರೆ ಮೊದಲು ಚಕ್ಕನ್ನು ಸರಿಮಾಡಿ.

ಹಳೆಯ ಡ್ರಾಯಿಂಗಿನ ಪ್ರಕಾರ ಎಚ್ ಮಾಡಿ ಇಟ್ಟಿದ್ದ, ಚುಕ್ಕಿ ಇಲ್ಲದ ಎರಡು ಬೋರ್ಡುಗಳು ಉಳಿದಿದ್ದವು. ಅವಕ್ಕೆ 2.54 ಮಿ.ಮೀ. ಅಂತರದ ತೂತುಗಳಿರುವ ಜನರಲ್ ಪರ್ಪಸ್ ಬೋರ್ಡಿನ ತುಂಡೊಂದನ್ನು ಮೇಲೆ ಟೇಪ್ ಹಾಕಿ ಅಂಟಿಸಿ, ಅದರ ತೂತುಗಳ ಮೂಲಕವೇ ಕೊರೆದೆ. ಸಾಕೆಟ್ ಸಲೀಸಾಗಿ ಕೂತಿತು.

ಪ್ರಿಂಟರ್ ಅಳತೆಯನ್ನು ಕುಗ್ಗಿಸಿದರೆ ಇದ್ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಪುಟಕ್ಕೆ ಹೊಂದಿಸುವ ಆಯ್ಕೆಯನ್ನು ತೆಗೆದು, 100 ಶೇಕಡಾದಲ್ಲಿ ಪ್ರಿಂಟ್ ಮಾಡಿ, ಸಾಕೆಟ್ಟನ್ನು ಕಾಗದದ ಮೇಲೇ ಒತ್ತಿ ನೋಡುತ್ತೇನೆ. ಮೊದಲ ಕಾಲೂ ಕೊನೆಯ ಕಾಲೂ ಪ್ಯಾಡಿನ ನಡುವೆ ಬಿದ್ದರೆ ಮಾತ್ರ ಮುಂದಿನ ಕೆಲಸ.

ಗಾಜಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾಸ್ಕ್, ಕನ್ನಡಕ ಎರಡೂ ಬೇಕೇ ಬೇಕು. ಧೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಮೊದಲು ಎಲ್ಲ ತೂತುಗಳನ್ನೂ 0.8 ಮಿ.ಮೀ. ಬಿಟ್ಟಿನಲ್ಲಿ ಕೊರೆಯುತ್ತೇನೆ. ಆಮೇಲೆ ಪಿನ್ ಹೆಡರ್ ಮತ್ತು ದಪ್ಪ ಕಾಲಿನ ಡಯೋಡುಗಳ ತೂತನ್ನಷ್ಟೇ 1 ಮಿ.ಮೀ.ಗೆ ಹಿಗ್ಗಿಸುತ್ತೇನೆ. ಸ್ಟ್ಯಾಂಡ್ ಎತ್ತಿಡುವ ಮುಂಚೆ ಬೋರ್ಡನ್ನು ದೀಪಕ್ಕೆ ಅಡ್ಡ ಹಿಡಿಯುತ್ತೇನೆ. ಬೆಳಕು ಬಾರದ ಪ್ಯಾಡು ಒಂದಾದರೂ ಸಿಗುತ್ತದೆ.