ಹಿಮದೊಳಗಿನ ಸಕ್ಕರೆ ಪದರ: ನಾವು ವಾಪಸ್ ತಿರುಗಿದ ದಿನ

ಎರಡು ದಿನ ಬಿಡದೆ ಹಿಮ ಬಿದ್ದಿತ್ತು. ಮೂರನೇ ದಿನ ಆಕಾಶ ತಿಳಿಯಾಯಿತು. ಬೆಟ್ಟ ಹತ್ತಲು ಮನಸ್ಸು ಕುಣಿಯುವುದು ಇಂಥ ದಿನವೇ. ಹಿಮಕುಸಿತದ ಭಯ ಜಾಸ್ತಿ ಇರುವುದೂ ಇಂಥ ದಿನವೇ. ಬೆಳಗಿನ ಮುನ್ಸೂಚನೆಯಲ್ಲಿ ಅಪಾಯ 5ರಲ್ಲಿ 3ನೇ ಮಟ್ಟ ಅಂತಿತ್ತು. 3 ಅಂದರೆ ನಡುವಿನದು, ಪರವಾಗಿಲ್ಲ ಅಂತ ಮೊದಲೆಲ್ಲ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಆ ಮಟ್ಟದಲ್ಲಿ ಒಬ್ಬರ ಭಾರಕ್ಕೇ ಇಳಿಜಾರು ಕಳಚಿಕೊಳ್ಳಬಹುದು.

ನಾವು ಮೂವರಿದ್ದೆವು. ಹಿಮದಡಿ ಹೂತವರನ್ನು ಸಿಗ್ನಲ್ ಹಿಡಿದು ಹುಡುಕಲು ಮೈಗೆ ಕಟ್ಟಿಕೊಳ್ಳುವ ಟ್ರಾನ್ಸೀವರ್‌ಗಳು ಒಂದರ ಸಿಗ್ನಲ್ ಇನ್ನೊಂದಕ್ಕೆ ಸಿಗುತ್ತಿದೆಯಾ ಅಂತ ನೋಡಿಕೊಂಡೇ ಹೊರಟೆವು. ಸಲಿಕೆ, ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು (ಪ್ರೋಬ್) ಎಲ್ಲರ ಬ್ಯಾಗಿನಲ್ಲೂ ಇದ್ದವು. ಹೂತುಹೋದವರು ಬದುಕುವ ಸಾಧ್ಯತೆ ಮೊದಲ 10-15 ನಿಮಿಷದ ನಂತರ ಬೇಗ ಕುಸಿಯುತ್ತದೆ. ಅಷ್ಟರಲ್ಲಿ ತೋಡಿ ತೆಗೆಯುವವರು ಪಕ್ಕದಲ್ಲಿರುವ ಗೆಳೆಯರೇ ಅಲ್ವಾ?

ಮರಗಳು ಮುಗಿದು ಬಯಲು ಬಂತು. ಒಂದು ಹೆಜ್ಜೆ ಇಟ್ಟೆ, ಕಾಲಡಿಯಲ್ಲಿ 'ಧುಮ್ಮ್' ಎಂದಿತು. ಸುತ್ತಲಿನ ಹಿಮ ಒಮ್ಮೆಗೇ ತುಸು ಕೆಳಗಿಳಿಯಿತು. ಒಳಗೆ ಯಾವುದೋ ದುರ್ಬಲ ಪದರ ಮುರಿದ ಸದ್ದು ಅದು. ಕಡಿದಾದ ಇಳಿಜಾರಿಗೆ ಹೋಗಬಾರದು ಅನ್ನಲು ಅಷ್ಟೇ ಸಾಕಿತ್ತು. ಆದರೂ ಆ ಪದರ ಎಷ್ಟು ಆಳದಲ್ಲಿದೆ ಅಂತ ನೋಡಬೇಕಿತ್ತು.

ನಾವು ಹೋಗಬೇಕೆಂದಿದ್ದ ಇಳಿಜಾರಿನ ದಿಕ್ಕಿಗೇ ಮುಖ ಮಾಡಿದ್ದ ಪುಟ್ಟ ದಿಣ್ಣೆಯೊಂದರಲ್ಲಿ ಗುಂಡಿ ತೋಡಿದೆವು. ಗೋಡೆ ನಯ ಮಾಡಿ ಮೇಲಿನಿಂದ ಬೆರಳು ಒತ್ತುತ್ತಾ ಬಂದೆ. ಮೊದಲು ಹೊಸ ಹಿಮ, ಮೆತ್ತಗಿತ್ತು. ಅದರ ಕೆಳಗೆ ಗಾಳಿ ತಂದು ಒತ್ತಿದ ಗಟ್ಟಿ ಹಲಗೆ, ಅಂದರೆ ಒಂದಾಗಿ ಅಂಟಿಕೊಂಡ ಹಿಮದ ಪದರ. ಸುಮಾರು 55 ಸೆಂಟಿಮೀಟರ್ ಆಳದಲ್ಲಿ ಬೆರಳು ಸಲೀಸಾಗಿ ಒಳಗೆ ಹೋಯಿತು. ಒಂದು ಚಿಟಿಕೆ ತೆಗೆದು ಗ್ಲೌಸ್ ಮೇಲೆ ಹಾಕಿ ಲೆನ್ಸ್ ಹಿಡಿದೆ. ಸಕ್ಕರೆಯಂಥ ಮೂಲೆಮೂಲೆಯ ಹರಳುಗಳು. ಕೈ ಓರೆ ಮಾಡಿದರೆ ಜಾರಿ ಉದುರಿದವು, ಒಂದಕ್ಕೊಂದು ಅಂಟಲೇ ಇಲ್ಲ. ಚಳಿಗಾಲದ ಶುರುವಿನಲ್ಲಿ ಬಿದ್ದ ತೆಳು ಹಿಮ ಅದು. ನೆಲದ ಹತ್ತಿರ ಉಷ್ಣತೆ 0 ಡಿಗ್ರಿ ಆಸುಪಾಸು, ಮೇಲೆ ಕೊರೆಯುವ ಚಳಿ. ನಡುವೆ ಆವಿ ಮೇಲೇರುತ್ತಾ ಕಣಗಳನ್ನು ಹೀಗೆ ಮಾಡುತ್ತದೆ.

ಆಮೇಲೆ ಆ ಪದರ ಎಷ್ಟು ಸುಲಭವಾಗಿ ಮುರಿಯುತ್ತದೆ ಅಂತ ನೋಡಲು 30 ಸೆಂಟಿಮೀಟರ್ ಅಗಲ, ಅಷ್ಟೇ ಉದ್ದದ ಕಂಬ ಕೊಯ್ದು ಮೇಲೆ ಸಲಿಕೆ ಇಟ್ಟೆ. ಮಣಿಕಟ್ಟಿನಿಂದ 10 ಏಟು, ಏನೂ ಆಗಲಿಲ್ಲ. ಮೊಣಕೈಯಿಂದ ಹೊಡೆಯತೊಡಗಿದೆ. ಒಟ್ಟು ಲೆಕ್ಕದಲ್ಲಿ 13ನೇ ಏಟಿಗೆ ಮೇಲಿನ ತುಂಡು ಮೇಜಿನ ಡ್ರಾಯರ್ ಎಳೆದಂತೆ ಸೀದಾ ನನ್ನ ಮಡಿಲಿಗೆ ಜಾರಿತು. ಮುರಿದ ಮೈ ಗಾಜಿನಷ್ಟು ಸಪಾಟು. ಬಿರುಕು ಸುಲಭವಾಗಿ ಹಬ್ಬಬಹುದು ಅನ್ನುವ ಸೂಚನೆ ಅದು.

"ಅಲ್ನೋಡು, ಯಾರೋ ಆಗಲೇ ಸ್ಕೀ ಮಾಡಿಕೊಂಡು ಇಳಿದಿದ್ದಾರೆ" ಅಂದ ಗೆಳೆಯ. ಗೆರೆಗಳು ಇದ್ದದ್ದು ನಿಜ. ಆದರೆ ಹಲಗೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ದಪ್ಪ ಇರುವಲ್ಲಿ ಹತ್ತು ಜನ ದಾಟಬಹುದು, ತೆಳುವಾದ ಜಾಗ ತುಳಿದ ಹನ್ನೊಂದನೆಯವನಿಗೆ ಇಡೀ ಇಳಿಜಾರು ಹೊರಡುತ್ತದೆ. ಇಳಿಜಾರಿನ ಕೋನ ಅಳೆದೆ, 37 ಡಿಗ್ರಿ. ಹಲಗೆಯಂತೆ ಕಳಚುವ ಕುಸಿತಗಳು ಹೆಚ್ಚಾಗಿ ಶುರುವಾಗುವುದು 30ರಿಂದ 45 ಡಿಗ್ರಿಯೊಳಗೆ. ಹಿಮ ಹೇಗಿರಬೇಕು ಅಂತ ನಾವು ಹೇಳಲಾಗದು, ಯಾವ ಕೋನಕ್ಕೆ ಕಾಲಿಡಬೇಕು ಅನ್ನುವುದು ಮಾತ್ರ ನಮ್ಮ ಕೈಯಲ್ಲಿದೆ. ಮರಗಳ ನಡುವಿನ 20 ಡಿಗ್ರಿಯ ದಾರಿ ಹಿಡಿದು ಇಳಿದೆವು.

ಆ ದಿನ ಆ ಇಳಿಜಾರು ಕುಸಿಯಲಿಲ್ಲ. ಆರು ದಿನ ಬಿಟ್ಟು ಹತ್ತಿರದಲ್ಲೇ ಮತ್ತೆ ತೋಡಿದೆ. ಈ ಸಲ 19ನೇ ಏಟಿಗೆ ಮುರಿಯಿತು, ಆದರೆ ಮೊದಲಿನಂತೆಯೇ ಸಪಾಟಾಗಿ. ಹರಳುಗಳು ಇನ್ನೂ ಗ್ಲೌಸಿನಿಂದ ಉದುರುತ್ತಲೇ ಇದ್ದವು. ಗುಂಡಿ ಮುಚ್ಚಿ ಅದೇ ಮರಗಳ ದಾರಿ ಹಿಡಿದೆ.